ಮನೆಯಲ್ಲಿಯೇ ಕೂಡಿಸಿದ ಗಣಕಯಂತ್ರ

ತಾನು ಬಳಸುವ ಉಪಕರಣದ ಒಳಗನ್ನು ಅರಿಯದವನು ಅದರ ಒಡೆಯನಾಗಲಾರ. ಕೇವಲ ಅದರ ಕಾವಲುಗಾರನಾಗಿರುತ್ತಾನೆ. ಈ ಮಾತನ್ನು ನಾನು ಯಾವುದೋ ಪುಸ್ತಕದಲ್ಲಿ ಓದಿ ಬರೆಯುತ್ತಿಲ್ಲ. 58,000 ರೂಪಾಯಿ ಕೊಟ್ಟು, ಹೆತ್ತ ಮಗಳ ಮನಸ್ಸನ್ನು ನೋಯಿಸಿ, ಇಪ್ಪತ್ತೈದು ವರ್ಷ ತಡವಾಗಿ ಕಲಿತ ಪಾಠವಿದು. ಮಕ್ಕಳಿಗೆ ಗಣಕಯಂತ್ರ ಕೊಡಿಸಬೇಕೆಂದಿರುವ ನಮ್ಮ ಬಂಧುಗಳ ಮನೆಗಳಿಗೆ ಇದರಿಂದ ಕಿಂಚಿತ್ತಾದರೂ ಉಪಯೋಗವಾದೀತೆಂಬ ಭಾವನೆಯಿಂದ ಸಂಕೋಚವನ್ನು ಬದಿಗಿಟ್ಟು ಹೇಳಿಕೊಳ್ಳುತ್ತಿದ್ದೇನೆ.

2025ರ ಕಾರ್ತಿಕ ಮಾಸದಲ್ಲಿ ಯಂಕಂಚಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಚರ್ಚೆ ನಡೆಯಿತು. ನನ್ನ ಮಗಳ ಮಗಳು ನಮ್ಮಲ್ಲಿಯೇ ಇದ್ದುಕೊಂಡು, ನಿತ್ಯವೂ ಬಸ್ಸಿನಲ್ಲಿ ಸಿಂದಗಿಗೆ ಹೋಗಿ ಬಿ.ಸಿ.ಎ. ಓದುತ್ತಿದ್ದಾಳೆ. ಮನೆಯಲ್ಲಿದ್ದ ಗಣಕಯಂತ್ರಕ್ಕೆ ವಯಸ್ಸಾಗಿತ್ತು. ಅದು ನಡೆಯುತ್ತಿದ್ದುದು ವಿಂಡೋಸ್ 10ರ ಮೇಲೆ. ಆ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಮುಂದಿನ ವಿಂಡೋಸ್ 11 ಬಯಸುವ ಸುರಕ್ಷತಾ ವ್ಯವಸ್ಥೆ ನಮ್ಮ ಹಳೆಯ ಯಂತ್ರದಲ್ಲಿ ಇರಲಿಲ್ಲ. ಹೀಗಾಗಿ ಹೊಸದೊಂದು ಬೇಕಾಯಿತು. ನನ್ನ ನಿವೃತ್ತಿ ವೇತನದಲ್ಲಿ ಉಳಿಸಿದ್ದ 45,000 ರೂಪಾಯಿಯನ್ನು ಅದಕ್ಕೆಂದೇ ತೆಗೆದಿರಿಸಿದ್ದೆ.

ಪುಣೆಯಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ದೂರವಾಣಿಯಲ್ಲಿ, "ಅಪ್ಪಾ, ಕಂಪನೀದು ತಯಾರ ಇದ್ದದ್ದು ತಗೋರಿ. ಕೆಟ್ಟರ ಅವರ ಬಂದು ರಿಪೇರಿ ಮಾಡ್ತಾರ. ನಿಮಗ್ಯಾಕ ತ್ರಾಸು?" ಎಂದನು. ಮೊಮ್ಮಗಳು ಒಪ್ಪಲಿಲ್ಲ. "ಮುತ್ಯಾ, ತಯಾರ ಮಷೀನ್ ತಂದ್ರ ಅದರೊಳಗ ಏನದ ಅನ್ನೂದು ನನಗ ಹೆಂಗ ತಿಳೀಬೇಕು? ಸಾಮಾನು ಬ್ಯಾರೆ ಬ್ಯಾರೆ ತರೂಣು, ನಾನ ಕೂಡಿಸ್ತೀನಿ" ಎಂದಳು. ನಾನು ಬಾಯಿ ತೆರೆದೆ. "ಹುಡುಗೀ, ನಿನಗೇನ್ ತಿಳೀತದ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೇ ಮಾತನ್ನು ಅದೇ ಪಡಸಾಲೆಯಲ್ಲಿ ಅವಳ ತಾಯಿಗೆ ಆಡಿದ್ದು ಥಟ್ಟನೆ ನೆನಪಾಗಿ ಬಾಯಿ ಮುಚ್ಚಿದೆ.

ಅದು 2000ನೆಯ ಇಸವಿಯ ಮಾತು. ಆಗ ನಾನು ಪ್ರೌಢಶಾಲೆಯ ಶಿಕ್ಷಕನಾಗಿದ್ದೆ. ಮಗ ಬಿ.ಎಸ್ಸಿ. ಓದುತ್ತಿದ್ದ, ಮಗಳು ಪಿ.ಯು.ಸಿ. ಮೊದಲನೆಯ ವರ್ಷದಲ್ಲಿದ್ದಳು. ಗಣಕಯಂತ್ರ ಕಲಿತವರಿಗೆ ಬೆಂಗಳೂರು, ಪುಣೆಗಳಲ್ಲಿ ಕೆಲಸ ಕಾದು ಕುಳಿತಿದೆಯೆಂದು ಊರೂರಲ್ಲಿ ಸುದ್ದಿ. ವಿಜಯಪುರದ ಒಬ್ಬ ಪರಿಚಿತರು ಬಿಡಿಭಾಗಗಳನ್ನು ತರಿಸಿ 37,000 ರೂಪಾಯಿಗಳಲ್ಲಿ ಒಂದು ಯಂತ್ರವನ್ನು ಕೂಡಿಸಿಕೊಡುವುದಾಗಿ ಹೇಳಿದರು. ಅಂಥದೇ ಶಕ್ತಿಯ, ಹೆಸರಾಂತ ಕಂಪನಿಯೊಂದರ ಯಂತ್ರಕ್ಕೆ 58,000. ನಮ್ಮ ಮನೆಗೆ ಅದು ಅಲ್ಪ ಮೊತ್ತವಾಗಿರಲಿಲ್ಲ. ಆದರೂ, ಕೂಡಿಸಿದ್ದು ಎಂದರೆ ಕಲಬೆರಕೆ, ಕಂಪನಿಯದೆಂದರೆ ಅಪ್ಪಟ ಎಂಬ ನಂಬಿಕೆಯಿಂದ, ಮಡದಿಯ ಬಂಗಾರವನ್ನು ಒತ್ತೆಯಿಟ್ಟು ಕಂಪನಿಯದನ್ನೇ ತಂದೆ. ಪೆಂಟಿಯಮ್ 3 ಚಿಪ್ಪು, 64 ಎಂ.ಬಿ. ಸ್ಮರಣೆ, 10 ಜಿ.ಬಿ. ಡಿಸ್ಕು, ವಿಂಡೋಸ್ 98. ಇಂದಿನ ಮಕ್ಕಳು ಕೇಳಿದರೆ ನಗುತ್ತಾರೆ. ಅಂದು ಅದರ ಮೇಲೆ ಕೈಮಗ್ಗದ ಹೊದಿಕೆ ಹೊಚ್ಚಿ, ವಿಭೂತಿ ಹಚ್ಚಿ, ಕಾಯಿ ಒಡೆದಿದ್ದೆವು.

ಪೆಟ್ಟಿಗೆಯ ಹಿಂಬದಿಗೆ ಒಂದು ಚೀಟಿ ಅಂಟಿತ್ತು. ಇದನ್ನು ಹರಿದರೆ ಖಾತರಿ ರದ್ದಾಗುತ್ತದೆ ಎಂಬುದು ಅದರ ಅರ್ಥ. ಆ ಚೀಟಿಗಿಂತಲೂ ಗಟ್ಟಿಯಾದ ಇನ್ನೊಂದು ಚೀಟಿಯನ್ನು ನಾನೇ ಅಂಟಿಸಿದೆ: ಅಣ್ಣನ ಹೊರತು ಯಾರೂ ಮುಟ್ಟಕೂಡದು. ಲೆಕ್ಕದಲ್ಲಿ ಅಣ್ಣನಿಗಿಂತ ತಂಗಿಯೇ ಚುರುಕಾಗಿದ್ದಳು. ಅವಳು ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ಅಣ್ಣ ಊರಿನಲ್ಲಿ ಇಲ್ಲದಾಗ ಒಮ್ಮೆ ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡು, "ಕೆಡಿಸಿಗಿಡಿಸೀ ಮತ್ತ" ಎಂದು ಎಬ್ಬಿಸಿದ್ದೆ.

ಕೊಂಡ ಹದಿನೈದನೆಯ ತಿಂಗಳು, 2001ರ ಬೇಸಗೆಯ ಒಂದು ಸಂಜೆ, ಗುಡುಗು ಮಿಂಚಿನ ಅಡ್ಡಮಳೆ ಬಂದು ಊರ ಹತ್ತಿರವೇ ಸಿಡಿಲು ಬಿದ್ದಿತು. ಯಂತ್ರ ನಿಂತುಹೋಯಿತು. ಖಾತರಿಯ ಒಂದು ವರ್ಷ ಮುಗಿದಿತ್ತು. ಸಿಡಿಲಿಗೆ ಯಾರನ್ನು ದೂರುವುದು? ಮಗ ಗುಂಡಿಯನ್ನು ಹತ್ತು ಸಲ ಒತ್ತಿ ಸುಮ್ಮನಾದ. ಮಗಳು ಹತ್ತಿರ ಬಂದು ಹಿಂಬದಿಯ ಫ್ಯಾನಿನ ಕಿಂಡಿಗೆ ಮೂಗು ಹಿಡಿದು, "ಅಪ್ಪಾ, ಕರಕಲು ವಾಸನಿ ಇಲ್ಲೇ ಬರ್ಲಿಕ್ಹತ್ತದ. ಕರೆಂಟ್ ಒಳಗ ಬರೂ ಡಬ್ಬಿ ಒಂದ ಸುಟ್ಟಿರಬೇಕು. ಬಿಚ್ಚಿ ನೋಡ್ಲೇನು?" ಎಂದಳು. ಆಗ ನಾನಾಡಿದ ಮಾತಿದು: "ಸುಮ್ಮ ಕೂಡು. ಅಣ್ಣಗ ತಿಳೀಲಾರದ್ದು ನಿನಗೇನ್ ತಿಳೀತದ?" ಅವಳು ಮರುಮಾತಾಡದೆ ಒಳಗೆ ಹೋದಳು. ಆ ಮೇಲೆ ಅವಳು ಆ ಕೋಣೆಯ ಬಾಗಿಲಿನಲ್ಲಿ ನಿಂತದ್ದನ್ನು ನಾನು ಕಾಣಲಿಲ್ಲ.

ಕಂಪನಿಯ ಕಡೆಯವರು ಬಂದದ್ದು ಏಳು ವಾರಗಳ ನಂತರ. ಅವರು ಹೇಳಿದ್ದೂ ಅದೇ. ವಿದ್ಯುತ್ತನ್ನು ಇಳಿಸಿ ಕೊಡುವ ಡಬ್ಬಿ ಮಾತ್ರ ಸುಟ್ಟಿದೆ, ಉಳಿದದ್ದೆಲ್ಲ ಸುರಕ್ಷಿತವಾಗಿದೆ. ಪೇಟೆಯಲ್ಲಿ ಆ ಡಬ್ಬಿಗೆ 600 ರೂಪಾಯಿಯೊಳಗೇ ಇತ್ತು. ಆದರೆ ಆ ಕಂಪನಿಯವರು ತಮ್ಮ ಪೆಟ್ಟಿಗೆಗೆ ಬೇರೆಯೇ ಆಕಾರದ ಡಬ್ಬಿಯನ್ನು ಮಾಡಿಸಿದ್ದರಿಂದ ಪೇಟೆಯದು ಅದರಲ್ಲಿ ಕೂರುತ್ತಿರಲಿಲ್ಲ. ಒಟ್ಟು 6,500 ರೂಪಾಯಿ ತೆರಬೇಕಾಯಿತು. ನನ್ನ ಮಗಳು ಮೂಗಿನಿಂದಲೇ ಕಂಡುಹಿಡಿದದ್ದಕ್ಕೆ ಏಳು ವಾರ ಹಾಗೂ 6,500 ರೂಪಾಯಿ. ಅವಳಿಗೆ ಮಾತ್ರ ನಾನು ಏನನ್ನೂ ಹೇಳಲಿಲ್ಲ. ಎರಡು ವರ್ಷಗಳ ಮೇಲೆ ಮುದ್ದೇಬಿಹಾಳ ತಾಲ್ಲೂಕಿನ ಒಳ್ಳೆಯ ಮನೆತನಕ್ಕೆ ಅವಳನ್ನು ಕೊಟ್ಟೆವು. ಓದು ಪಿ.ಯು.ಸಿ.ಗೇ ನಿಂತಿತು.

ಇದನ್ನು ಓದಿದವರು ಕಂಪನಿಯ ಯಂತ್ರ ಕೆಟ್ಟದ್ದು, ಕೂಡಿಸಿದ್ದು ಒಳ್ಳೆಯದು ಎಂದು ತೀರ್ಮಾನಿಸಬಾರದು. ನಾನೂ ಹಾಗೆಂದುಕೊಂಡೇ ಎರಡನೆಯ ಸಲ ಎಡವಿದೆ. 2012ರಲ್ಲಿ ಅಂಗಡಿಯೊಂದರಲ್ಲಿ 24,000 ರೂಪಾಯಿಗೆ ಕೂಡಿಸಿದ ಯಂತ್ರವನ್ನು ಕೊಂಡೆ. ಒಳಗೆ ಏನೇನು ಹಾಕಿದ್ದಾರೆಂದು ಕೇಳಲಿಲ್ಲ, ರಸೀದಿ ಕೇಳಲಿಲ್ಲ. ಆರು ತಿಂಗಳಲ್ಲಿ ಸ್ಮರಣೆಯ ಪಟ್ಟಿ ಕೆಟ್ಟಿತು. ಬಿಚ್ಚಿ ನೋಡಿದರೆ ಅದು ಯಾರೋ ಬಳಸಿ ಬಿಟ್ಟದ್ದು. ವಿಂಡೋಸ್ ಕೂಡ ಪರವಾನಿಗೆಯಿಲ್ಲದ ನಕಲು. ಕೇಳಲು ಹೋದರೆ ಅಂಗಡಿಯೇ ಮುಚ್ಚಿತ್ತು. ಮಗ ಬಂದು ಸ್ಮರಣೆಯ ಪಟ್ಟಿ ಬದಲಿಸಿ, ಸರಿಯಾದ ಪರವಾನಿಗೆಯನ್ನು ಕೊಂಡು ಹಾಕಿದ. ಅಲ್ಲಿಂದ ಮುಂದೆ, ಡಿಸ್ಕು ಹೋದಾಗ ಡಿಸ್ಕು, ಫ್ಯಾನು ಹೋದಾಗ ಫ್ಯಾನು ಎಂದು ಬಿಡಿಬಿಡಿಯಾಗಿ ಬದಲಿಸಿಕೊಳ್ಳುತ್ತ ಅದು ಹದಿಮೂರು ವರ್ಷ ನಡೆಯಿತು. ಮೊದಲ ಸಲ ನಾನು ಹೆಸರನ್ನು ಕೊಂಡಿದ್ದೆ, ಎರಡನೆಯ ಸಲ ಅಗ್ಗವನ್ನು ಕೊಂಡಿದ್ದೆ. ಎರಡು ಸಲವೂ ಯಂತ್ರವನ್ನು ಕೊಂಡಿರಲಿಲ್ಲ.

ಗಣಕಯಂತ್ರವನ್ನು ಹೀಗೆ ಬಿಡಿಭಾಗಗಳಿಂದ ಕೂಡಿಸಲು ಸಾಧ್ಯವಾದದ್ದಾದರೂ ಹೇಗೆ? 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಎಲ್ಲವನ್ನೂ ತಾನೇ ಮಾಡಲಿಲ್ಲ. ಚಿಪ್ಪು ಇಂಟೆಲ್ ಸಂಸ್ಥೆಯದು, ನಡೆಸುವ ತಂತ್ರಾಂಶ ಮೈಕ್ರೋಸಾಫ್ಟಿನದು, ಉಳಿದ ಭಾಗಗಳಲ್ಲಿ ಬಹಳಷ್ಟು ಪೇಟೆಯಲ್ಲಿ ಸಿಗುವಂಥವು. ಅದರ ರಚನೆಯ ವಿವರಗಳನ್ನೂ ಪ್ರಕಟಿಸಿತು. ಆದ್ದರಿಂದ ಬೇರೆಯವರೂ ಅದಕ್ಕೆ ಹೊಂದುವ ಯಂತ್ರಗಳನ್ನು ಮಾಡಲು ಬಂದಿತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ಹೊರಡಿಸಿತು. ತಾಯಿಹಲಗೆಯ ಉದ್ದಗಲ, ತಿರುಪಿನ ತೂತುಗಳ ಸ್ಥಾನ, ವಿದ್ಯುತ್ ಡಬ್ಬಿಯ ಆಕಾರ ಇವೆಲ್ಲ ಗೊತ್ತಾದುದರಿಂದ ಒಬ್ಬರ ಪೆಟ್ಟಿಗೆಯಲ್ಲಿ ಇನ್ನೊಬ್ಬರ ಹಲಗೆ ಕೂಡಲು ಅನುವಾಯಿತು. ದಿಲ್ಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆ ಇವೆಲ್ಲ ಬಿಡಿಭಾಗಗಳ ಪೇಟೆಗಳಾಗಿ ಬೆಳೆದುದಕ್ಕೆ ಈ ಸಮಾನ ಅಳತೆಯೇ ಆಧಾರ.

ಒಕ್ಕಲುತನದ ಮನೆಯವರಿಗೆ ಇದು ಹೊಸ ಸಂಗತಿಯೇನಲ್ಲ. ನಮ್ಮ ತಂದೆಯವರ ಕಾಲದಲ್ಲಿ ಕೂರಿಗೆಯನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಜಾಲಿಯ ಕಟ್ಟಿಗೆ ಸ್ವಂತ ಹೊಲದ್ದು, ಕೆತ್ತುವವರು ಬಡಿಗೇರರು, ಕಬ್ಬಿಣದ ಕೆಲಸ ಕಂಬಾರರದು, ಬೀಜ ಇಳಿಯುವ ಬಿದಿರಿನ ಕೊಳವೆಗಳನ್ನೂ ಬಟ್ಟಲನ್ನೂ ಹಗ್ಗದಿಂದ ಬಿಗಿದು ಕೂಡಿಸುವವನು ರೈತನೇ. ಬಿತ್ತುವಾಗ ಒಂದು ತಾಳಿನಲ್ಲಿ ಬೀಜ ಇಳಿಯದಿದ್ದರೆ ಎಲ್ಲಿ ಕಟ್ಟಿದೆಯೆಂದು ಅವನಿಗೆ ನಿಂತಲ್ಲಿಯೇ ತಿಳಿಯುತ್ತಿತ್ತು. ಹದ ತಪ್ಪುವ ಮೊದಲೇ ಸರಿಪಡಿಸಿಕೊಳ್ಳುತ್ತಿದ್ದ. ನೂರು ಮೈಲು ದೂರದಿಂದ ಯಾರೋ ಬರಲೆಂದು ಏಳು ವಾರ ಕಾಯುತ್ತ ಕುಳಿತಿದ್ದರೆ ಆ ವರ್ಷದ ಹೊಲ ಬೀಳು ಬೀಳುತ್ತಿತ್ತು.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೊಂದು ಹಿರಿದಾದ ನಿದರ್ಶನವಿದೆ. ವಚನ ಪಿತಾಮಹ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಅವರ 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಬೇರೆಯವರ ಅಚ್ಚುಕೂಟದಲ್ಲಿ ಮುದ್ರಣವಾಯಿತು. ಆದರೆ ಅವರು ಕೈಗೊಂಡಿದ್ದ ಕಾರ್ಯ ಒಂದು ಪುಸ್ತಕದಿಂದ ಮುಗಿಯುವಂಥದಾಗಿರಲಿಲ್ಲ. ಪ್ರತಿ ಸಲವೂ ಪರರ ಯಂತ್ರ ಬಿಡುವಾಗುವುದನ್ನು ಕಾಯುತ್ತ ಕೂರಲು ಬರುವಂತಿರಲಿಲ್ಲ. ಇದ್ದ ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಮರುವರ್ಷವೇ 'ಶಿವಾನುಭವ' ಪತ್ರಿಕೆ ಹೊರಟಿತು. ಸಾಧನವು ಸ್ವಂತದ್ದಾದಾಗ ಕಾಯಕಕ್ಕೆ ಎಂಥ ಬಲ ಬರುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ನಮ್ಮ ಮನೆಯ ಚರ್ಚೆಗೆ ಬರೋಣ. ಮೊಮ್ಮಗಳು ಒಂದು ಹಾಳೆಯ ಮೇಲೆ ಎರಡು ಪಟ್ಟಿ ಬರೆದು ನನ್ನ ಮುಂದಿಟ್ಟಳು. 2000ದಲ್ಲಿ ಇದ್ದ 21,000 ರೂಪಾಯಿಯ ಅಂತರ ಈಗಿಲ್ಲ. ಕಂಪನಿಗಳು ಭಾಗಗಳನ್ನು ಸಗಟಾಗಿ ಕೊಳ್ಳುವುದರಿಂದ ಅವುಗಳ ಬೆಲೆಯೂ ಇಳಿದಿದೆ. ಪರವಾನಿಗೆಯ ವಿಂಡೋಸ್ ಅದರಲ್ಲಿಯೇ ಸೇರಿರುತ್ತದೆ. ಕೆಟ್ಟರೆ ಕೇಳಲು ಒಂದೇ ಬಾಗಿಲು ಇರುತ್ತದೆ. ಹೊತ್ತು ತಿರುಗುವವರಿಗೆ ಲ್ಯಾಪ್‌ಟಾಪೇ ಬೇಕು. ಅದನ್ನು ಮನೆಯಲ್ಲಿ ಕೂಡಿಸಲಾಗದು. ಇವು ತಯಾರಾದ ಯಂತ್ರದ ಗುಣಗಳು. ಕೂಡಿಸುವುದರಲ್ಲಿ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ಖಾತರಿ. ಚಿಪ್ಪಿಗೆ, ತಾಯಿಹಲಗೆಗೆ ಸಾಮಾನ್ಯವಾಗಿ ಮೂರು ವರ್ಷ. ಡಿಸ್ಕಿಗೆ ಮೂರರಿಂದ ಐದು. ಆದರೆ ಎಲ್ಲ ರಸೀದಿಗಳನ್ನೂ ಜೋಪಾನವಾಗಿಡಬೇಕು, ಯಾವುದು ಕೆಟ್ಟಿದೆಯೆಂಬುದನ್ನು ನಾವೇ ಗುರುತಿಸಬೇಕು. ಅದರ ಪ್ರತಿಫಲವಾಗಿ, ಇಂದು ಬೇಕಾದಷ್ಟನ್ನು ಇಂದು ಹಾಕಿ, ಮುಂದೆ ಬೇಕಾದುದನ್ನು ಮುಂದೆ ಸೇರಿಸಬಹುದು.

ಆ ಕಡೆಯ ಮಾತು ಕೂಡಲೇ ಉಪಯೋಗಕ್ಕೆ ಬಂದಿತು. ಜಗತ್ತಿನಾದ್ಯಂತ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಸ್ಮರಣೆಯ ಚಿಪ್ಪುಗಳು ಅಪಾರವಾಗಿ ಬೇಕಾದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅವುಗಳ ಬೆಲೆ ಒಮ್ಮೆಲೆ ಏರಿತು. ನಾವು ವಿಚಾರಿಸಿದ್ದಕ್ಕೂ ಕೊಳ್ಳುವುದಕ್ಕೂ ನಡುವೆಯೇ ಅದು ಇಮ್ಮಡಿಯ ಹತ್ತಿರ ಬಂದಿತ್ತು. ನಾನು ಉದಾರಿಯಾಗಿ, "16 ಜಿ.ಬಿ.ದ ತಗೋ ಅವ್ವಾ, ಹೆಚ್ಚಿಗಿ ಕೊಡ್ತೀನಿ" ಎಂದೆ. ಅವಳು, "ಬ್ಯಾಡ ಮುತ್ಯಾ. ಸದ್ಯ ನನಗ ಎಂಟು ಸಾಕಾಗ್ತದ. ಇನ್ನೊಂದು ಮನಿ ಖಾಲಿ ಇರತದಲ್ಲ, ಅಗ್ಗಾದ ಮ್ಯಾಲ ಹಾಕೂಣು" ಎಂದಳು. ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಪತಿಯಾದ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಮಹಾತಾಯಿ ಅವಳು. ಅಗತ್ಯದ ಅಳತೆಯನ್ನು ಅರಿತವರಿಗೆ ಹೆಸರಿನ ಮೋಹವೂ ಇಲ್ಲ, ಅಗ್ಗದ ಮೋಹವೂ ಇಲ್ಲ.

ಅಜ್ಜ ಮೊಮ್ಮಗಳು ಇಬ್ಬರೂ ಬಸ್ಸು ಹಿಡಿದು ವಿಜಯಪುರಕ್ಕೆ ಹೋದೆವು. ಎರಡು ಅಂಗಡಿಗಳಲ್ಲಿ ಪ್ರತಿಯೊಂದು ಭಾಗದ ಮುದ್ರೆಯನ್ನು ಎದುರಿಗೇ ಒಡೆಸಿ, ಮೇಲಿನ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಂಡಳು. ವಿದ್ಯುತ್ ಡಬ್ಬಿಯ ವಿಷಯದಲ್ಲಿ ಮಾತ್ರ ಅಗ್ಗದ್ದನ್ನು ಮುಟ್ಟಲಿಲ್ಲ; ಉಳಿದೆಲ್ಲ ಭಾಗಗಳಿಗೆ ಅನ್ನ ಬಡಿಸುವುದು ಅದೇ ಎಂದಳು. ಕರೆಂಟು ಹೋದಾಗ ಹತ್ತು ನಿಮಿಷ ಹಿಡಿಯುವ ಯು.ಪಿ.ಎಸ್. ಕೂಡ ಕೊಂಡಳು. ನಡೆಸುವ ವ್ಯವಸ್ಥೆಗೆ ಬೆಲೆ ಕೊಡಬೇಕಿಲ್ಲದ ಲಿನಕ್ಸ್ ಸಾಕೆಂದಳು. ಪರದೆಯೂ ಸೇರಿ ಒಟ್ಟು 41,300 ರೂಪಾಯಿ ಆಯಿತು.

ಕೂಡಿಸುವ ದಿನ ಅವಳ ತಾಯಿ ಮುದ್ದೇಬಿಹಾಳದ ಕಡೆಯಿಂದ ಬಂದಿದ್ದಳು. ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಪಡಸಾಲೆಯಲ್ಲಿ ಮೇಜಿನ ಮೇಲೆ ಅರಿವೆ ಹಾಸಿ ಭಾಗಗಳನ್ನು ಸಾಲಾಗಿ ಇಟ್ಟರು. ಬಟ್ಟೆಯ ತಿಕ್ಕಾಟದಿಂದ ಮೈಯಲ್ಲಿ ಸೇರುವ ವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಹುದಾದುದರಿಂದ, ಮುಟ್ಟುವ ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಬೇಕೆಂದು ಮೊಮ್ಮಗಳು ಎಲ್ಲರಿಗೂ ಹೇಳಿದಳು. ಚಿಪ್ಪಿನ ಮೂಲೆಯ ತ್ರಿಕೋನದ ಗುರುತನ್ನು ಹಲಗೆಯ ಗುರುತಿಗೆ ಹೊಂದಿಸಿ ಮೆಲ್ಲನೆ ಇಳಿಸಿದಳು. ಅದನ್ನು ಒತ್ತಬಾರದು, ಅದರಷ್ಟಕ್ಕೆ ಅದು ಕೂರಬೇಕು ಎಂದಳು. ಮೇಲೆ ಫ್ಯಾನು, ಬದಿಗೆ ಸ್ಮರಣೆಯ ಪಟ್ಟಿ, ಡಿಸ್ಕು, ತಂತಿಗಳು. ಎರಡು ತಾಸಿನಲ್ಲಿ ಮುಗಿಯಿತು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

ಮೊಮ್ಮಗಳ ಮುಖ ಬಾಡಿತು. ಮತ್ತೆ ಮತ್ತೆ ಒತ್ತಿದಳು. ಕಂಪನಿಯದನ್ನು ತಂದಿದ್ದರೆ ಈ ಪಾಡು ಇರುತ್ತಿರಲಿಲ್ಲವೆಂದು ನನಗೂ ಅನ್ನಿಸಿತೆಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಮಗಳು ಕೈಯಲ್ಲಿದ್ದ ಹಿಟ್ಟನ್ನು ತೊಳೆದು ಒರೆಸಿಕೊಂಡು ಬಂದಳು. ಕರೆಂಟು ಬಂದ್ ಮಾಡಿಸಿದಳು. ಲೋಹವನ್ನು ಮುಟ್ಟಿ, ಬಗ್ಗಿ ಒಂದೊಂದನ್ನೇ ನೋಡುತ್ತ ಬಂದು, "ಈ ಪಟ್ಟಿ ಒಂದ ಕಡೆ ಎದ್ದದ ನೋಡು. ಪೂರ್ತಿ ಕುಂತಿಲ್ಲ" ಎಂದಳು. ಎರಡೂ ಹೆಬ್ಬೆರಳುಗಳಿಂದ ಒತ್ತಿದಳು. ಟಕ್ ಎಂದಿತು. ಮತ್ತೆ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಮೊಮ್ಮಗಳು ತಾಯಿಯನ್ನು ತಬ್ಬಿಕೊಂಡಳು. ನಾನು ಅತ್ತ ಕಡೆ ನೋಡಿದೆ.

ಸಂಜೆ ಮಗಳು ಒಬ್ಬಳೇ ಕಟ್ಟೆಯ ಮೇಲೆ ಕುಳಿತಿದ್ದಾಗ ಹತ್ತಿರ ಹೋಗಿ, "ತಂಗೀ, ಅವತ್ತ ಬಿಚ್ಚಿ ನೋಡ್ಲೇನು ಅಂತ ಕೇಳಿದ್ದಿ. ನಾ ಬಿಡಲಿಲ್ಲ. ತಪ್ಪು ನಂದು" ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಬಿಡ್ರಿ ಅಪ್ಪಾ, ಅವತ್ತಿಂದು ಅವತ್ತಿಗಾತು. ಆದ್ರ ನಾ ಮರತಿರಲಿಲ್ಲ" ಎಂದಳು. ಅವಳು ಮರೆತಿದ್ದೇನೆಂದು ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಆ ಸಮಾಧಾನಕ್ಕೆ ನಾನು ಅರ್ಹನಾಗಿರಲಿಲ್ಲ.

ಬಂಧುಗಳೆ, ಅಣ್ಣ ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆಯವರು ನಾವು. ಹೆಣ್ಣು ಗಂಡೆಂಬ ಭೇದವನ್ನು ಅನುಭವ ಮಂಟಪದ ಬಾಗಿಲಿನಲ್ಲಿಯೇ ಬಿಡಿಸಿದ ಪರಂಪರೆ ನಮ್ಮದೆಂದು ವೇದಿಕೆಗಳ ಮೇಲೆ ನಾನೇ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಅದೇ ನಾನು ಮನೆಯ ಒಂದು ಪೆಟ್ಟಿಗೆಯನ್ನು ಮಗಳಿಂದ ಮುಟ್ಟಿಸಲಿಲ್ಲ. ತಯಾರಾದುದನ್ನು ಕೊಳ್ಳುವುದೋ ಕೂಡಿಸುವುದೋ ಎಂಬುದನ್ನು ನಿಮ್ಮ ಅಗತ್ಯ, ಅನುಕೂಲಗಳಂತೆ ತೀರ್ಮಾನಿಸಿರಿ, ಎರಡರಲ್ಲಿಯೂ ತಪ್ಪಿಲ್ಲ. ರಸೀದಿಯನ್ನು ಇಟ್ಟುಕೊಳ್ಳಿರಿ, ವಿದ್ಯುತ್ ಡಬ್ಬಿಯಲ್ಲಿ ಜಿಪುಣತನ ಬೇಡ, ನಕಲು ತಂತ್ರಾಂಶ ಬೇಡ. ಆದರೆ ಯಾವುದನ್ನೇ ತಂದರೂ ಮನೆಯ ಮಕ್ಕಳೆಲ್ಲರ ಕೈಗೆ ಅದನ್ನು ಕೊಡಿರಿ. ಬಿಚ್ಚಿ ನೋಡುತ್ತೇನೆಂದು ಮಗಳು ಕೇಳಿದರೆ ತಿರುಪುಳಿಯನ್ನು ನೀವೇ ತಂದುಕೊಡಿರಿ. ಯಂತ್ರ ಕೆಟ್ಟರೆ ಇನ್ನೊಂದನ್ನು ತರಬಹುದು.

ಈಗ ಆ ಯಂತ್ರದಲ್ಲಿ ಮೊಮ್ಮಗಳ ಓದು ನಡೆದಿದೆ. ಬಿಡುವಿನ ವೇಳೆಯಲ್ಲಿ ನಮ್ಮ ತಂದೆಯವರು ಬರೆದಿಟ್ಟ ಭಜನೆಯ ವಹಿಯನ್ನು ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಕನ್ನಡದಲ್ಲಿ ಬೆರಳಚ್ಚು ಮಾಡುತ್ತಿದ್ದೇನೆ. ಸ್ಮರಣೆಯ ಎರಡನೆಯ ಮನೆ ಇನ್ನೂ ಖಾಲಿಯಿದೆ. ಬೆಲೆ ಇಳಿದಾಗ ಅದನ್ನು ಕೂಡಿಸಲು ಮಗಳನ್ನೇ ಕರೆಯುವುದೆಂದು ಗೊತ್ತು ಮಾಡಿದ್ದೇವೆ.